ಒಂದು ಜೊತೆ ಬೂಟಿಗೆ ಮಾರಿದ ಗಾಡಿ

ಅಜ್ಜ ತನ್ನ ಮೋಟಾರ್ ಸೈಕಲ್ಲನ್ನು ನನಗೆ ಮಾರಿದ್ದು ಒಂದು ಜೊತೆ ಬೂಟಿಗೆ. ನಗಬೇಡಿ, ನಿಜವಾಗಿಯೂ ಮಾರಿದ್ದೇ. ಮೊದಲು ಎರಡು ಜೊತೆ ಕೇಳಿದ, ನಾನು ಚೌಕಾಸಿ ಮಾಡಿ ಒಂದಕ್ಕೆ ಇಳಿಸಿದೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ರಸೀದಿ ಬರೆದು ಇಬ್ಬರೂ ಸಹಿ ಹಾಕಿದೆವು.

"ಪುಕ್ಕಟೆ ಕೊಟ್ರೆ ಮೂರೇ ದಿನಕ್ಕೆ ಹಾಳು ಮಾಡ್ತೀಯ ಮೆಣಸು," ಅಂದ ಅಜ್ಜ. "ಕೊಂಡುಕೊಂಡಿದ್ದನ್ನ ಒರೆಸ್ತಾರೆ, ಕೊಟ್ಟಿದ್ದನ್ನ ಒದೀತಾರೆ. ನನ್ನ ಬೂಟಿನ ಅಡಿ ಕಿತ್ತು ಹೋಗಿದೆ. ತಂದು ಕೊಡು, ಗಾಡಿ ತಗೊಂಡು ಹೋಗು."

ಮೆಣಸು ಅಂದರೆ ನಾನೇ. ಮೂಗಿನ ತುದಿಯಲ್ಲಿ ಕೋಪ ಇರುವವಳಿಗೆ ಆ ಮನೆಯಲ್ಲಿ ಇನ್ಯಾವ ಹೆಸರು ಸಿಕ್ಕೀತು? ಆಗ ನನಗೆ ಇಪ್ಪತ್ತಮೂರು. ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಮನೆಮನೆಗೆ ಹೋಗಿ ರಕ್ತ ತೆಗೆದು, ಕೊಳವೆಗಳನ್ನು ಐಸ್ ಡಬ್ಬದಲ್ಲಿಟ್ಟು, ಬಿಸಿಲು ಏರುವುದರೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ನನಗಿಂತ ಮುಂಚೆ ಆ ಕೆಲಸದಲ್ಲಿದ್ದವನು ಭಾವನ ಗಾಡಿಯಲ್ಲಿ ಓಡಾಡಿ, ಎಲ್ಲೋ ಗುದ್ದಿಸಿಕೊಂಡಾಗ, ಗಾಡಿ ಅವನ ಹೆಸರಲ್ಲಿಲ್ಲ ಅಂತ ವಿಮೆಯವರು ಕೈ ಎತ್ತಿಬಿಟ್ಟಿದ್ದರಂತೆ. ಅದಕ್ಕೇ ಮೇಲ್ವಿಚಾರಕರು ಮೊದಲ ದಿನವೇ ಹೇಳಿದ್ದರು: "ಗಾಡಿ ಸ್ವಂತದ್ದಾಗಿರಬೇಕು, ಕಾಗದ ನಿಮ್ಮ ಹೆಸರಲ್ಲೇ ಇರಬೇಕು. ಮೂವತ್ತು ದಿನ ಟೈಮ್ ಕೊಡ್ತೀನಿ. ಮೂವತ್ತೊಂದನೇ ದಿನ ನೀವೂ ಬರಬೇಡಿ, ನಿಮ್ಮ ಐಸ್ ಡಬ್ಬಾನೂ ಬರೋದು ಬೇಡ."

ಅಜ್ಜ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಲ್ಲಿ ಯಾವಾಗಲೂ ಮಿಷನ್ ಎಣ್ಣೆಯ ವಾಸನೆ, ಕಿಟಕಿಯ ಹತ್ತಿರ ಪರದೆ ಹೊಲಿಯುವ ಅಮ್ಮನ ಟಕಟಕ. ಅಪ್ಪ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಮಧ್ಯಾಹ್ನ ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು, ನಿನ್ನೆಯ ಬ್ರೆಡ್ಡು ಹಿಡಿದುಕೊಂಡು ಬರುತ್ತಿದ್ದ. ಆ ಗಾಡಿ ನಮ್ಮ ಮನೆಯ ಇನ್ನೊಬ್ಬ ಸದಸ್ಯನಂತೆ ಹಿತ್ತಿಲ ಬಾಗಿಲಲ್ಲಿ ನಿಂತಿರುತ್ತಿತ್ತು. ಟ್ಯಾಂಕಿನ ಎರಡೂ ಕಡೆ ಅಜ್ಜನ ಮೊಣಕಾಲು ತಾಗಿ ತಾಗಿ ಕಪ್ಪು ಬಣ್ಣ ಹೋಗಿ ತಗಡು ಹೊಳೆಯುತ್ತಿತ್ತು. ಅಪ್ಪ ಚಿಕ್ಕವನಿದ್ದಾಗ ಅದೇ ಟ್ಯಾಂಕಿನ ಮೇಲೆ ಕೂತು ಶಾಲೆಗೆ ಹೋದದ್ದು. ನಾನು ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದದ್ದೂ ಅದರಲ್ಲೇ, ಹಿಂದೆ ಕೂತ ಅಜ್ಜಿಯ ಮಡಿಲಲ್ಲಿ. ಈಗಲೂ ಎಲ್ಲಾದರೂ ಪೆಟ್ರೋಲು, ಮಿಷನ್ ಎಣ್ಣೆ, ಬಿಸಿ ಬ್ರೆಡ್ಡು ಮೂರೂ ವಾಸನೆ ಒಟ್ಟಿಗೆ ಬಂದರೆ ನನಗೆ ಕಣ್ಣು ತುಂಬಿ ಬರುತ್ತದೆ. ಅಂಥ ಜಾಗ ಎಲ್ಲಿರುತ್ತದೆ ಹೇಳಿ, ಆದರೆ ಒಮ್ಮೆ ಎಲ್ಲೋ ದಾರಿಯಲ್ಲಿ ಸಿಕ್ಕಿತ್ತು.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕಬ್ಬಿಣವೆಲ್ಲ ಅಜ್ಜನದು, ಕಾಗದವೆಲ್ಲ ಅಜ್ಜಿಯದು. ಸ್ಕ್ರೂ, ನಟ್ಟು, ಚೈನು, ನಲ್ಲಿ ಏನೇ ಕೆಟ್ಟರೂ ಅಜ್ಜನನ್ನು ಕರೆಯಬೇಕು. ತೆರಿಗೆ, ವಿಮೆ, ಅರ್ಜಿ, ಪತ್ರ ಏನೇ ಬಂದರೂ ಅಜ್ಜಿಯ ಕೈಗೆ ಕೊಡಬೇಕು. ಕಪಾಟಿನ ಮೇಲೆ ಅವಳ ಬಿಸ್ಕತ್ತಿನ ಡಬ್ಬ ಇತ್ತು, ಅದರೊಳಗೆ ಮನೆಯ ಎಲ್ಲ ಕಾಗದ. ಅದಕ್ಕೆ ಕೈ ಹಾಕುವ ಧೈರ್ಯ ಅಜ್ಜನಿಗೂ ಇರಲಿಲ್ಲ.

ಬೂಟು ತಂದು ಕೊಟ್ಟ ಮರುದಿನ ಅಜ್ಜಿಯ ಹತ್ತಿರ ಹೋದೆ. ಅವಳು ಅಡುಗೆಮನೆಯ ಮಣೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು.

"ಅಜ್ಜಿ, ಗಾಡಿ ಪುಸ್ತಕ ಕೊಡು."

"ಯಾಕೆ?"

"ನನ್ನ ಹೆಸರಿಗೆ ಮಾಡಿಸಬೇಕು. ಅಜ್ಜ ಮಾರಿದ್ದಾನಲ್ಲ."

"ಯಾವ ಗಾಡಿ ಮಾರಿದ್ರು?"

"ಮನೇಲಿ ಎಷ್ಟು ಗಾಡಿ ಇದೆ ಅಜ್ಜಿ?"

"ಒಂದೇ," ಅಂದಳು ಅಜ್ಜಿ, ಬಟಾಣಿಯಿಂದ ಕಣ್ಣು ಎತ್ತದೆ. "ಅದು ನಂದು."

ನಾನು ತಮಾಷೆ ಅಂದುಕೊಂಡೆ. ಅವಳು ಎದ್ದು ಕೈ ಒರೆಸಿಕೊಂಡು ಡಬ್ಬ ಇಳಿಸಿ, ಮಡಿಕೆಗಳೆಲ್ಲ ಸವೆದ ಹಸಿರು ರಟ್ಟಿನ ಪುಸ್ತಕ ತೆಗೆದು ಕೊಟ್ಟಳು. ಮೊದಲ ಪುಟದಲ್ಲೇ ಇತ್ತು. ಮಾಲೀಕರು ಅನ್ನುವ ಕಡೆ ಅಜ್ಜಿ. ಕೆಳಗೆ ಅವಳ ಸಹಿ, ಬಳ್ಳಿಯ ಹಾಗೆ ಬಾಗಿ ಬಳುಕಿದ ಚೆಂದದ ಸಹಿ.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅಜ್ಜಾ, ನೀನು ಮಾರಿದ ಗಾಡಿ ನಿಂದೇ ಅಲ್ವಂತೆ!" ಅಂತ ಅಂಗಡಿಗೆ ಕೇಳುವ ಹಾಗೆ ಕೂಗಿದೆ. ಆ ಒಂದು ಕೂಗು ಕೂಗದಿದ್ದರೆ ಆ ತಿಂಗಳು ಎಷ್ಟು ಸುಖವಾಗಿ ಕಳೆಯುತ್ತಿತ್ತೋ.

ಅಜ್ಜ ಎಣ್ಣೆ ಕೈಯಲ್ಲೇ ಬಂದ. ಕನ್ನಡಕ ಹಾಕಿಕೊಂಡು ಪುಸ್ತಕವನ್ನು ಎರಡು ಸಲ ಓದಿದ. ಮೂವತ್ತೆಂಟು ವರ್ಷದಲ್ಲಿ ಅವನು ಅದನ್ನು ತೆರೆದದ್ದು ಅದೇ ಮೊದಲು. ದಾರಿಯಲ್ಲಿ ಪೊಲೀಸರು ತಡೆದು ಕೇಳಲಿಲ್ಲವೇ ಅಂದರೆ, ಊರಿನ ಪೊಲೀಸರ ಮನೆಯ ಹೊಲಿಗೆ ಯಂತ್ರಗಳನ್ನೆಲ್ಲ ರಿಪೇರಿ ಮಾಡುವವನನ್ನು ಯಾರು ತಡೆಯುತ್ತಾರೆ?

"ಇದೇನೇ ಇದು?" ಅಂದ.

"ಪುಸ್ತಕ," ಅಂದಳು ಅಜ್ಜಿ.

"ಮೂವತ್ತೆಂಟು ವರ್ಷ ನಾನು ನಿನ್ನ ಡ್ರೈವರ್ ಆಗಿದ್ನಾ ಹಾಗಾದ್ರೆ?"

"ಸಂಬಳ ಇಲ್ಲದ ಡ್ರೈವರ್," ಅಂತ ಬಾಗಿಲಲ್ಲಿ ನಿಂತಿದ್ದ ಅಪ್ಪ ನಕ್ಕುಬಿಟ್ಟ. ನಾನೂ ನಕ್ಕೆ. ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಅಜ್ಜ ಮಾತ್ರ ನಗಲಿಲ್ಲ. ಕುರ್ಚಿಯ ಮೇಲೆ ಕೂತು ಹೊಸ ಬೂಟನ್ನು ಬಿಚ್ಚಿದ, ಡಬ್ಬದಲ್ಲಿಟ್ಟು ಮುಚ್ಚಿ ನನ್ನ ಕೈಗೆ ಕೊಟ್ಟ.

"ತಗೋ. ಇನ್ನೊಬ್ಬರ ಗಾಡಿ ಮಾರಿ ಬೂಟು ಹಾಕ್ಕೊಳ್ಳೋ ಕಳ್ಳ ಅಲ್ಲ ನಾನು."

ಗಾಡಿಯ ಕೀಲಿಯನ್ನು ಅಜ್ಜಿಯ ಕಪಾಟಿನ ಮೊಳೆಗೆ ನೇತು ಹಾಕಿ ಅಂಗಡಿಗೆ ಹೋದ. ಅವತ್ತಿನಿಂದ ಅಜ್ಜಿಯ ಜೊತೆ ಮಾತು ಬಿಟ್ಟ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಉಂಡು ಮಲಗಿ ಎದ್ದು, ಮತ್ತೆ ಉಂಡು ಮಲಗಿದರೂ ಮುಗಿಯಲಿಲ್ಲ. ಊಟಕ್ಕೆ ಕೂತರೆ ಮಧ್ಯದಲ್ಲಿ ಅಮ್ಮ.

"ಉಪ್ಪು ಕಡಿಮೆ ಆಗಿದೆ ಅಂತ ಓನರಮ್ಮನಿಗೆ ಹೇಳು," ಅಂತ ಅಜ್ಜ ಅಮ್ಮನಿಗೆ ಹೇಳುವುದು. ಅಜ್ಜಿಗೆ ಅವನಿಟ್ಟ ಹೊಸ ಹೆಸರು ಓನರಮ್ಮ.

"ಉಪ್ಪಿನ ಡಬ್ಬ ಕಣ್ಣ ಮುಂದೇ ಇದೆ ಅಂತ ನಿಮ್ಮ ಮಾವನಿಗೆ ಹೇಳು," ಅಂತ ಅಜ್ಜಿ.

"ಕೂಲಿಯವರಿಗೆ ಕೈ ಚಾಚೋ ಅಧಿಕಾರ ಇದೆಯಾ ಅಂತ ಕೇಳು."

ನಾಲ್ಕನೇ ದಿನ ಅಮ್ಮ ಸೌಟನ್ನು ಪಾತ್ರೆಗೆ ಎಸೆದಳು. "ನಾನೇನು ಟೆಲಿಫೋನ್ ಕಂಬಾನಾ? ಮಾವ, ಉಪ್ಪು ತಗೊಳ್ಳಿ. ಅತ್ತೆ, ನೀವೂ ತಗೊಳ್ಳಿ. ಇಬ್ಬರ ಬಾಯಿಗೂ ಉಪ್ಪು ಹಾಕ್ಕೊಂಡು ಸುಮ್ಮನೆ ಊಟ ಮಾಡಿ!"

ಇಬ್ಬರೂ ಸುಮ್ಮನೆ ಊಟ ಮಾಡಿದರು. ಮರುದಿನ ಆ ಟೆಲಿಫೋನ್ ಕಂಬದ ಕೆಲಸ ನನಗೆ ಬಂತು.

ಬೆಳಿಗ್ಗೆ ನಾನು ಅಜ್ಜಿಯನ್ನು ಕೇಳಿ ಕೀಲಿ ತೆಗೆದುಕೊಂಡು ಗಾಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ, ಅಜ್ಜ ಮಾತ್ರ ಅದನ್ನು ಮುಟ್ಟುವುದನ್ನೇ ಬಿಟ್ಟ. ರಿಪೇರಿಗೆ ಕರೆ ಬಂದರೆ ಉಪಕರಣದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಅಡಿ ಕಿತ್ತ ಹಳೆ ಬೂಟಿನಲ್ಲೇ ಬಸ್ಸಿಗೆ ನಡೆಯುವನು. ಆ ಚೀಲದ ಭಾರ ನನಗೆ ಗೊತ್ತು, ನಾನೇ ಎರಡು ಕೈಯಲ್ಲಿ ಎತ್ತಬೇಕು. ಅಜ್ಜಿ ಕಿಟಕಿಯಿಂದ ಅವನು ತಿರುವು ದಾಟುವವರೆಗೆ ನೋಡುವಳು. ಆದರೆ ನನಗೆ ಸಹಿ ಹಾಕಿ ಕೊಡು ಅಂದರೆ ಮಾತ್ರ "ನೋಡೋಣ" ಅನ್ನುವಳು. ಅಜ್ಜಿಯ ‘ನೋಡೋಣ’ ಅಂದರೆ ಬೇರೆಯವರ ‘ಇಲ್ಲ’.

ಎರಡನೆಯ ವಾರ ಅಪ್ಪ ಒಂದು ದಾರಿ ಹುಡುಕಿದ. "ಹೊಸದೇ ತಗೊಳ್ಳೋಣ ಬಿಡು. ಕಂತಿನ ಮೇಲೆ ಕೊಡ್ತಾರೆ."

"ಚಕ್ಕುಲಿ ಕೊಟ್ಟ ಹಾಗೆ ಕೊಡ್ತಾರೆ ಪಾಪ!" ಅಂದಳು ಅಮ್ಮ. "ಬಾಗಿಲಲ್ಲಿ ಗಾಡಿ ನಿಂತಿರುವಾಗ ಇನ್ನೊಂದು ತಂದು ಯಾರ ತಲೆ ಮೇಲೆ ನಿಲ್ಲಿಸ್ತೀರಿ? ನಿಮ್ಮಮ್ಮನ ಹತ್ರ ಹೋಗಿ ಒಂದು ಮಾತು ಕೇಳೋಕೆ ಆಗಲ್ವಾ?"

"ನೀನು ಕೇಳು."

"ನಿಮ್ಮಮ್ಮ!"

"ನಿನ್ನತ್ತೆ!"

ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಇಬ್ಬರೂ ನನ್ನ ಕಡೆ ನೋಡಿದರು. ದೊಡ್ಡವರ ಜಗಳದಲ್ಲಿ ಬಡವಾಗಲು ಒಂದು ಕೂಸು ಬೇಕಲ್ಲ, ಆ ಕೂಸು ನಾನೇ.

ಅಜ್ಜಿಯೇ ಬಾಯಿ ಬಿಟ್ಟದ್ದು ಒಂದು ಭಾನುವಾರ. ಒಗೆದ ಹೊದಿಕೆಗಳನ್ನು ಮಡಿಸುತ್ತಿದ್ದೆವು. ಅವಳು ಆ ತುದಿ ಹಿಡಿದಿದ್ದಳು, ನಾನು ಈ ತುದಿ.

"ನಿಮ್ಮಜ್ಜ ದಾನಶೂರ ಕರ್ಣ," ಅಂದಳು ಇದ್ದಕ್ಕಿದ್ದಂತೆ. "ನಿಂಗೆ ಗೊತ್ತಿಲ್ಲ. ಮೊದಲು ಸೈಕಲ್ ಇತ್ತು. ಹಾಲಿನವನು ಚೆನ್ನಾಗಿದೆ ಅಂದ, ತಗೋ ಅಂತ ಕೊಟ್ಟುಬಿಟ್ರು. ರೇಡಿಯೋ ಇತ್ತು. ಅವರಕ್ಕ ಎಷ್ಟು ಇಂಪಾಗಿದೆ ಅಂದ್ಳು, ತಾವೇ ಹೊತ್ಕೊಂಡು ಹೋಗಿ ಕೊಟ್ಟು ಬಂದ್ರು. ನನ್ನ ತವರಿನ ಗೋಡೆ ಗಡಿಯಾರ ಯಾರ ಮನೇಲಿದೆಯೋ ಇವತ್ತಿಗೂ ಗೊತ್ತಿಲ್ಲ. ಗಾಡಿ ಕೊಂಡಾಗ ನೋಂದಣಿ ಕಚೇರಿಗೆ ನನ್ನನ್ನೇ ಕಳಿಸಿದ್ರು. ಅವರಿಗೆ ಆಫೀಸು ಅಂದ್ರೆ ಕೈ ಕಾಲು ನಡುಕ. ಅಲ್ಲಿ ಕಿಟಕೀಲಿ ಕೇಳಿದ್ರು, ಮಾಲೀಕರು ಯಾರಮ್ಮ ಅಂತ. ನಾನೇ ಅಂದೆ. ಬಾಯಿಂದ ಬಂದುಬಿಡ್ತು ಕಣೇ. ನಂದು ಅಂದ್ರೆ ಇದನ್ನಾದ್ರೂ ಯಾರಿಗೂ ಎತ್ತಿ ಕೊಡೋಕೆ ಆಗಲ್ಲ ಅಂತ."

"ಮನೆಗೆ ಬಂದು ಅಜ್ಜನಿಗೆ ಹೇಳಬಹುದಿತ್ತಲ್ಲ?"

"ಹೇಳೋಣ ಅಂತ್ಲೇ ಬಂದೆ. ಅಷ್ಟರಲ್ಲಿ ಅವರು ತಲೆ ಬಾಚ್ಕೊಂಡು ಗಾಡಿ ಮೇಲೆ ಕೂತಿದ್ರು. ಬಾ ಅಂತ ಹಿಂದೆ ಕೂರಿಸ್ಕೊಂಡು ಕೆರೆ ಸುತ್ತ ಒಂದು ಸುತ್ತು ಹಾಕಿಸಿದ್ರು. ದಾರಿ ಉದ್ದಕ್ಕೂ ‘ಹೇಗಿದೆಯೇ ನನ್ನ ಗಾಡಿ, ಹೇಗಿದೆಯೇ ನನ್ನ ಗಾಡಿ’ ಅಂತ. ಅಷ್ಟು ಖುಷೀಲಿ ಇರೋರಿಗೆ ಏನು ಹೇಳಲಿ? ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ನಾಳೆ ನಾಳೆ ಅಂತ್ಲೇ ಮೂವತ್ತೆಂಟು ವರ್ಷ ಆಯ್ತು."

"ಸರಿ, ಈಗ ಗೊತ್ತಾಯ್ತಲ್ಲ. ನಾನೇನು ಹಾಲಿನವನಾ? ಸಹಿ ಹಾಕಿ ಕೊಡು."

ಅಜ್ಜಿ ಹೊದಿಕೆಯನ್ನು ಎದೆಗೆ ಒತ್ತಿಕೊಂಡಳು. "ಮನೆ ನಿಮ್ಮಪ್ಪನ ಹೆಸರಲ್ಲಿದೆ. ಅಂಗಡಿ ನಿಮ್ಮಜ್ಜನ ಹೆಸರಲ್ಲಿ. ಕರೆಂಟ್ ಬಿಲ್ ಕೂಡ ನಂದಲ್ಲ. ವರ್ಷಕ್ಕೊಂದು ಸಲ ವಿಮೆ ಕಟ್ಟೋಕೆ ಹೋದಾಗ ‘ಓನರ್ ನೀವೇನಮ್ಮ’ ಅಂತ ಕೇಳ್ತಾರೆ. ಹೌದು ಅಂತೀನಿ. ಅದೊಂದು ಮಾತು ಹೇಳೋಕೆ ನಾನು ಒಳ್ಳೆ ಬಟ್ಟೆ ಉಟ್ಕೊಂಡು ಹೋಗ್ತೀನಿ, ಗೊತ್ತಾ? ಅದೂ ಹೋದ್ರೆ ನಂದು ಅಂತ ಏನು ಉಳೀತು?"

ನಾನು ಹೊದಿಕೆ ಮಡಿಸಿಟ್ಟೆ.

ಆದರೆ ಇಪ್ಪತ್ತೆರಡನೇ ದಿನ ಮೇಲ್ವಿಚಾರಕರು ಎಲ್ಲರ ಎದುರು "ಕಾಗದ ಎಲ್ಲಿ? ಬೇರೆಯವರ ಅರ್ಜಿ ತಗೊಳ್ಳಲಾ?" ಅಂದಾಗ ನನ್ನ ಒಳ್ಳೆಯತನವೆಲ್ಲ ಆವಿಯಾಗಿ ಹೋಯಿತು. ಮನೆಗೆ ಬಂದವಳೇ ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದೆ.

"ಅಜ್ಜಿ, ನನ್ನ ಕೆಲಸ ಹೋಗುತ್ತೆ! ಒಂದು ದಿನ ಓಡಿಸಿಲ್ಲ, ಓಡಿಸೋಕೆ ಬರೋದೂ ಇಲ್ಲ. ನಿಂಗ್ಯಾಕೆ ಬೇಕು ಈ ಗಾಡಿ?"

ಅಮ್ಮನ ಮಿಷನ್ ನಿಂತಿತು. ಅಂಗಡಿಯಲ್ಲಿ ಅಜ್ಜನ ಸುತ್ತಿಗೆಯೂ ನಿಂತಿತು. ಅಜ್ಜಿ ನನ್ನ ಮುಖ ನೋಡಿ, ನನ್ನ ತಟ್ಟೆಗೆ ಬ್ರೆಡ್ಡು ಮೊಟ್ಟೆ ಹಾಕಿ ಒಳಗೆ ಹೋದಳು. ನಾನು ಆ ತಟ್ಟೆಯನ್ನು ಹಾಗೇ ಮುಚ್ಚಿಟ್ಟೆ. ಇವತ್ತಿಗೂ ಆ ಮಾತನ್ನು ವಾಪಸ್ಸು ನುಂಗಲು ಆಗಿದ್ದರೆ ಅಂತ ಅನ್ನಿಸುತ್ತದೆ.

ಮರುದಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಅಜ್ಜಿ ವಿಮೆ ಕಟ್ಟಲು ಹೋಗುವ ಒಳ್ಳೆ ಬಟ್ಟೆ ಉಟ್ಟು, ಬಿಸ್ಕತ್ತಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಬಾ ಹೋಗೋಣ," ಅಂದಳು. ಅಷ್ಟೇ.

ಕಚೇರಿಯಲ್ಲಿ ಐದು ಕಿಟಕಿ, ಒಂದೇ ಬೆಂಚು, ಅದಕ್ಕೂ ಒಂದು ಹಲಗೆ ಇಲ್ಲ. ಅರ್ಜಿಯನ್ನು ಅಜ್ಜಿಯೇ ತುಂಬಿದಳು, ಯಾರಿಗೂ ಕೊಡಲಿಲ್ಲ. ಕಿಟಕಿಯ ಗುಮಾಸ್ತ ಓದುತ್ತಾ ಓದುತ್ತಾ ಒಂದು ಕಡೆ ನಿಂತ.

"ಅಮ್ಮ, ಮಾರಾಟದ ಬೆಲೆ ಅನ್ನೋ ಕಡೆ ಇದೇನು ಬರೆದಿದ್ದೀರಿ? ಒಂದು ಜೊತೆ ಬೂಟು?"

"ಅದೇ ಬೆಲೆ. ರಸೀದಿ ಇದೆ." ಕ್ಯಾಲೆಂಡರ್ ಹಾಳೆ ತೆಗೆದು ತೋರಿಸಿದಳು.

"ದುಡ್ಡಲ್ಲಿ ಬರೀಬೇಕಮ್ಮ!"

"ದುಡ್ಡು ಕೈ ಬದಲಾಯಿಸಿಲ್ಲ. ಸುಳ್ಳು ಬರೆದು ಅದರ ಕೆಳಗೆ ನಾನು ಸಹಿ ಹಾಕಲ್ಲ."

ಗುಮಾಸ್ತ ಬೂಟಿನ ಬೆಲೆ ಎಷ್ಟು ಅಂತ ನನ್ನನ್ನು ಕೇಳಿ ಬರೆದುಕೊಂಡ. ಅಲ್ಲಿಗೆ ಪೀಡೆ ತೊಲಗಿತು ಅಂದುಕೊಂಡೆ. ಅಜ್ಜಿ ಸಹಿ ಹಾಕಿದಳು. ಅವಳ ಕೈ ನಡುಗಿತು. ಬಳ್ಳಿಯಂತಿದ್ದ ಸಹಿ ಒಣ ಕಡ್ಡಿಗಳ ರಾಶಿಯಾಯಿತು. ಗುಮಾಸ್ತ ಹಳೆಯ ಪುಸ್ತಕ ಪಕ್ಕದಲ್ಲಿಟ್ಟು ನೋಡಿ ತಲೆ ಅಲ್ಲಾಡಿಸಿದ.

"ಹೊಂದಲ್ಲ. ಒಂದೋ ಇದೇ ಥರ ಸಹಿ ಬರಬೇಕು, ಇಲ್ಲ ನಿಮ್ಮ ಯಜಮಾನರು ಬಂದು ಗುರುತು ಹೇಳಿ ಸಾಕ್ಷಿ ಹಾಕಬೇಕು. ಮತ್ತೆ ಗಾಡಿ ಮೇಲೆ ಕೊರೆದಿರೋ ಚಾಸಿ ನಂಬರನ್ನ ಪೆನ್ಸಿಲಲ್ಲಿ ಉಜ್ಜಿ ಅಚ್ಚು ತಗೊಂಡು ಬನ್ನಿ."

ವಾಪಸ್ಸು ಬರುವಾಗ ನನ್ನ ಹಿಂದೆ ಕೂತ ಅಜ್ಜಿ ಒಂದೇ ಮಾತು ಹೇಳಿದಳು. "ಅವರನ್ನ ಕೇಳಲ್ಲ. ಸಹಿ ಕಲೀತೀನಿ."

ಕಲಿತಳೋ ಇಲ್ಲವೋ, ಹಟ ಹಿಡಿದು ಕೂತದ್ದಂತೂ ನಿಜ. ಗುಮಾಸ್ತ ಹೇಳಿದ್ದನ್ನೆಲ್ಲ ನಾನು ಅಮ್ಮನಿಗೆ, ಅಂಗಡಿಗೂ ಕೇಳುವ ಹಾಗೆ, ಒಪ್ಪಿಸಿದ್ದೆ. ಅಪ್ಪ ಬರೆಯುವ ಪುಸ್ತಕ ತಂದುಕೊಟ್ಟ, ಕಾಗದ ದಂಡ ಅಂತ ಬೇಡ ಅಂದಳು. ಹಳೆಯ ಪತ್ರಿಕೆಗಳ ಅಂಚಿನ ಖಾಲಿ ಜಾಗದಲ್ಲಿ, ಮೇಲಿನಿಂದ ಕೆಳಗೆ, ಸಹಿಯ ಮೇಲೆ ಸಹಿ. ಒಲೆಯ ಮೇಲೆ ಹಾಲು ಕಾಯುವವರೆಗೆ ಹತ್ತು, ಆಲೂಗಡ್ಡೆ ಬೇಯುವವರೆಗೆ ಇಪ್ಪತ್ತು. "ಅತ್ತೆ, ಇದು ಪರವಾಗಿಲ್ಲ," ಅಂತ ಅಮ್ಮ ಅಂದರೆ, "ಬಾಲ ಸರಿ ಬಂದಿಲ್ಲ," ಅಂತ ಮತ್ತೊಂದು. ಮೂರು ದಿನ ಹಾಗೇ ಹೋಯಿತು, ಕಡ್ಡಿಗಳು ಕಡ್ಡಿಗಳಾಗಿಯೇ ಉಳಿದವು.

ನಮ್ಮ ಮನೆಯ ಹಳೆಯ ಪತ್ರಿಕೆಗಳೆಲ್ಲ ಕೊನೆಗೆ ಹೋಗುವುದು ಅಜ್ಜನ ಅಂಗಡಿಗೆ, ಎಣ್ಣೆ ಒರೆಸಲು. ಇಪ್ಪತ್ತಾರನೇ ದಿನ ಚಹಾ ಕೊಡಲು ಹೋದಾಗ ನೋಡಿದೆ. ಅಜ್ಜನ ಒಂದು ಕೈಯಲ್ಲಿ ಎಣ್ಣೆ ಸೋರುವ ಮಿಷನ್ನಿನ ಭಾಗ, ಇನ್ನೊಂದು ಕೈಯಲ್ಲಿ ಪತ್ರಿಕೆಯ ಹಾಳೆ. ಒರೆಸಲು ಹೋದವನು ನಿಂತುಬಿಟ್ಟಿದ್ದ. ಅಂಚಿನ ತುಂಬ ಅಜ್ಜಿಯ ನಡುಗುವ ಸಹಿ. ಹಾಳೆ ತಿರುಗಿಸಿದ, ಅಲ್ಲೂ. ಕಟ್ಟಿನಿಂದ ಇನ್ನೊಂದು ತೆಗೆದ, ಅದರಲ್ಲೂ. ಎಣ್ಣೆ ಅವನ ಮೊಣಕೈವರೆಗೆ ಇಳಿಯುತ್ತಿತ್ತು. ಕೊನೆಗೆ ಆ ಹಾಳೆಗಳನ್ನೆಲ್ಲ ಮಡಿಸಿ ಸೂಜಿಗಳನ್ನು ಇಡುವ ಡ್ರಾಯರಿಗೆ ಹಾಕಿ, ಮಿಷನ್ನಿನ ಭಾಗವನ್ನು ತನ್ನ ಅಂಗಿಯ ಚುಂಗಿನಿಂದ ಒರೆಸಿದ.

"ಏನು ನೋಡ್ತೀಯಾ? ಚಹಾ ಇಟ್ಟು ಹೋಗು," ಅಂದ ನನಗೆ.

ಮರುದಿನ ಬೆಳಿಗ್ಗೆ ಬಿಸ್ಕತ್ತಿನ ಡಬ್ಬದ ಮೇಲೆ ಒಂದು ಚೀಟಿ ಇತ್ತು. ಅದರಲ್ಲಿ ಪೆನ್ಸಿಲಿನಿಂದ ಉಜ್ಜಿ ತೆಗೆದ ಚಾಸಿ ನಂಬರ್, ಒಂದು ಅಂಕಿಯೂ ಮಸುಕಾಗಿರಲಿಲ್ಲ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿರುವಾಗಲೇ ಹಿತ್ತಿಲಲ್ಲಿ ಗಾಡಿ ಶುರುವಾಯಿತು. ತೊಳೆದು, ಒರೆಸಿ, ಚೈನಿಗೆ ಎಣ್ಣೆ ಹಾಕಿದ ಗಾಡಿ. ಅದರ ಮೇಲೆ ತಲೆ ಬಾಚಿಕೊಂಡ ಅಜ್ಜ. ಕಾಲಲ್ಲಿ ಮಾತ್ರ ಅದೇ ಕಿತ್ತುಹೋದ ಬೂಟು.

"ಮೆಣಸು," ಅಂದ, ಎದುರಿಗಿನ ಗೋಡೆ ನೋಡುತ್ತಾ, "ಗಾಡಿ ರೆಡಿ ಇದೆ ಅಂತ ಓನರಮ್ಮನಿಗೆ ಹೇಳು."

ಅಜ್ಜಿ ಒಳಗೆ ಹೋಗಿ ಬೂಟಿನ ಡಬ್ಬ ತಂದಳು. "ಅವರಿಗೆ ಹೇಳು," ಅಂದಳು ಅವಳೂ ಅದೇ ಗೋಡೆ ನೋಡುತ್ತಾ, "ಡ್ರೈವರು ಹರಕು ಬೂಟಲ್ಲಿ ಬಂದ್ರೆ ಓನರಿಗೆ ಅವಮಾನ."

ಅಜ್ಜ ಗಾಡಿ ಇಳಿದು, ಮೆಟ್ಟಿಲ ಮೇಲೆ ಕೂತು, ಹೊಸ ಬೂಟು ಹಾಕಿಕೊಂಡ. ಲೇಸು ಕಟ್ಟಲು ಬಗ್ಗಿದವನ ಭುಜಕ್ಕೆ ಅಜ್ಜಿ ಕೈ ಊರಿಕೊಂಡಳು, ತನಗೆ ಕಾಲು ನೋವು ಅನ್ನುವ ಹಾಗೆ. ಅಮ್ಮ ಕಿಟಕಿಯಲ್ಲಿ ನಿಂತು ಮೂಗು ಒರೆಸಿಕೊಂಡಳು.

ಅವರು ಗಾಡಿಯಲ್ಲಿ ಹೊರಟರು, ಲ್ಯಾಬಿಗೆ ರಜೆ ಹೇಳಿ ನಾನು ಬಸ್ಸಿನಲ್ಲಿ. ಬಸ್ಸು ಎಂಟು ಕಡೆ ನಿಲ್ಲುತ್ತದೆ. ಆದರೂ ನಾನು ಕಚೇರಿ ಮುಟ್ಟಿದಾಗ ಅವರ ಸುಳಿವಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಬಂದರು.

"ಎಲ್ಲಿಗೆ ಹೋಗಿದ್ರಿ? ನನ್ನ ಜೀವ ಬಾಯಿಗೆ ಬಂದಿತ್ತು!"

"ಕೆರೆ ಕಡೆಯಿಂದ ಬಂದ್ವಿ," ಅಂದ ಅಜ್ಜ. "ಆ ದಾರಿ ಚೆನ್ನಾಗಿದೆ."

ಕೆರೆ ಕಚೇರಿಯ ದಾರಿಯಲ್ಲೇ ಇಲ್ಲ. ಊರಿನ ಆ ಕಡೆ ಇದೆ.

ಕಿಟಕಿಯಲ್ಲಿ ಅದೇ ಗುಮಾಸ್ತ. ಅಜ್ಜಿ ಮತ್ತೆ ಸಹಿ ಹಾಕಿದಳು, ಮತ್ತೆ ಕಡ್ಡಿಗಳೇ ಬಂದವು. ಅಜ್ಜ ಮುಂದೆ ಬಂದ. ಆಫೀಸು ಅಂದರೆ ಅವನಿಗೆ ನಿಜವಾಗಿಯೂ ಕೈ ಕಾಲು ನಡುಕ. ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಒಬ್ಬ ದಪ್ಪ ಮನುಷ್ಯ ಅಜ್ಜಿಯನ್ನೂ ಪುಸ್ತಕವನ್ನೂ ನೋಡಿ ನಕ್ಕ.

"ಅಜ್ಜಿ ಬೈಕ್ ಓಡಿಸ್ತಿದ್ರಾ?"

ಗುಮಾಸ್ತನೂ ನಕ್ಕ. "ಇಲ್ಲ ಬಿಡಿ, ಸುಮ್ಮನೆ ಹೆಸರಿಗೆ ಹಾಕಿಸಿರ್ತಾರೆ. ಅಲ್ವಾ ಯಜಮಾನ್ರೇ? ಗಾಡಿ ನಿಮ್ಮದೇ ತಾನೆ?"

ಒಂದು ತಿಂಗಳಿಂದ ಅಜ್ಜ ಕೇಳಬೇಕೆಂದಿದ್ದ ಮಾತು ಅದೇ ಅಲ್ಲವೇ? ಒಂದು ಹೌದು ಅಂದರೆ ಅವನ ಮಾನ ಅವನಿಗೆ ವಾಪಸ್ಸು ಬರುತ್ತಿತ್ತು. ಅಜ್ಜಿ ಡಬ್ಬವನ್ನು ಹಿಡಿದುಕೊಂಡು ನೆಲ ನೋಡುತ್ತಾ ನಿಂತಿದ್ದಳು.

"ಅಲ್ಲ ಸ್ವಾಮಿ," ಅಂದ ಅಜ್ಜ. ದನಿ ನಡುಗಿತು, ಆದರೆ ಐದೂ ಕಿಟಕಿಗೆ ಕೇಳಿಸಿತು. "ಹೆಸರಿಗಲ್ಲ, ಗಾಡಿ ಇವಳದೇ. ನಾನು ಡ್ರೈವರ್. ಮೂವತ್ತೆಂಟು ವರ್ಷ ಓಡಿಸಿದ್ದೀನಿ, ಒಂದು ದಿನಾನೂ ಕೆಲಸದಿಂದ ತೆಗೀಲಿಲ್ಲ. ಸಾಕ್ಷಿ ಎಲ್ಲಿ ಹಾಕಬೇಕು ತೋರಿಸಿ."

ಅಜ್ಜ ಸಾಕ್ಷಿ ಸಹಿ ಹಾಕಿದ. ಅಜ್ಜಿ ಹಸಿರು ಪುಸ್ತಕವನ್ನು ಕಿಟಕಿಯೊಳಗೆ ಕೊಟ್ಟಳು. ಕೊಟ್ಟ ಮೇಲೂ ಅವಳ ಬೆರಳು ಸ್ವಲ್ಪ ಹೊತ್ತು ಅದರ ಮೇಲೇ ಇತ್ತು. ಗುಮಾಸ್ತ ಅದರ ಮೇಲೆ ಮುದ್ರೆ ಒತ್ತಿ ಕಟ್ಟಿಗೆ ಸೇರಿಸಿದ, ನನಗೊಂದು ರಸೀದಿ ಕೊಟ್ಟ. "ಕಾರ್ಡು ಅಂಚೆಯಲ್ಲಿ ಬರುತ್ತೆ."

ರಸೀದಿ ತೋರಿಸಿದ್ದಕ್ಕೆ ನನ್ನ ಕೆಲಸ ಉಳಿಯಿತು. ಮನೆಯಲ್ಲಿ ಮಾತೂ ಮರಳಿತು. "ಉಪ್ಪು ಕಡಿಮೆ ಕಣೇ," "ಹಾಕ್ಕೊಳ್ಳಿ, ಕೈ ಇಲ್ವಾ?" ಅಂತ ಇಬ್ಬರೂ ನೇರವಾಗಿ ಮಾತಾಡಿದಾಗ ಅಮ್ಮ ಸೌಟು ಹಿಡಿದು ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟಳು. ಆದರೆ ಅಜ್ಜಿ ಆ ಡಬ್ಬವನ್ನು ತೆರೆಯಲೇ ಇಲ್ಲ. ಮೇಲೆ ಧೂಳು ಕೂತರೂ ಒರೆಸಲಿಲ್ಲ. ನನಗೆ ಗಾಡಿ ಹತ್ತುವಾಗಲೆಲ್ಲ ಕದ್ದ ಹಾಗೆ ಅನ್ನಿಸುತ್ತಿತ್ತು.

ಮೂರನೇ ವಾರ ಕಾರ್ಡು ಬಂತು. ಅಂಗೈ ಅಗಲದ ಪ್ಲಾಸ್ಟಿಕ್ಕು, ಅದರಲ್ಲಿ ನನ್ನ ಹೆಸರು. ಅಜ್ಜ ಸೂಜಿ ನೋಡುವ ಭೂತಗನ್ನಡಿ ತಂದು ಒಂದೊಂದೇ ಸಾಲು ಗಟ್ಟಿಯಾಗಿ ಓದಿದ. ಅಡುಗೆಮನೆಯಲ್ಲಿದ್ದ ಅಜ್ಜಿಗೆ ಕೇಳಲಿ ಅಂತಲೇ ಓದಿದನೋ ಏನೋ.

"ಮಾಲೀಕರ ಕ್ರಮಸಂಖ್ಯೆ, ಎರಡು. ಇದೇನು ಮೆಣಸು, ಎರಡು ಅಂದ್ರೆ?"

"ನಾನು ಎರಡನೇ ಓನರ್ ಅಂತ ಅಜ್ಜ."

"ಹಾಗಾದ್ರೆ ಒಂದು ಯಾರು?"

ಒಳಗೆ ಪಾತ್ರೆಯ ಸದ್ದು ನಿಂತಿತು. ಅಜ್ಜಿ ಕೈ ಒರೆಸಿಕೊಳ್ಳುತ್ತಾ ಬಂದಳು. ಅಜ್ಜನ ಕೈಯಿಂದ ಕಾರ್ಡನ್ನೂ ಭೂತಗನ್ನಡಿಯನ್ನೂ ತೆಗೆದುಕೊಂಡು, ಆ ಎರಡರ ಅಂಕಿಯನ್ನು ತುಂಬ ಹೊತ್ತು ನೋಡಿದಳು.

"ಇದನ್ನ ಅಳಿಸೋಕೆ ಬರಲ್ವಾ?" ಅಂತ ಕೇಳಿದಳು.

"ಯಾರಿಗೂ ಬರಲ್ಲ ಅಜ್ಜಿ. ನಾನು ಇನ್ನೊಬ್ಬರಿಗೆ ಮಾರಿದ್ರೆ ಅವರದು ಮೂರು ಆಗುತ್ತೆ. ನಿಂದು ಒಂದು ಒಂದೇ."

"ಮೂರಾದ್ರೂ ನನಗೆ ಕೊಡ್ರೇ," ಅಂದ ಅಜ್ಜ. "ಬೇಕಾದ್ರೆ ಬೂಟು ವಾಪಸ್ ಕೊಡ್ತೀನಿ."

ಅಜ್ಜಿ ನಕ್ಕಳು. ಕಪಾಟಿನಿಂದ ಡಬ್ಬ ಇಳಿಸಿ, ಸೆರಗಿನಿಂದ ಧೂಳು ಒರೆಸಿ, ನನ್ನ ಕಾರ್ಡನ್ನು ಅದರೊಳಗೆ ಇಟ್ಟು ಮುಚ್ಚಿದಳು. "ಬೇಕಾದಾಗ ಕೇಳು, ಕೊಡ್ತೀನಿ. ಕಾಗದ ನನ್ನ ಹತ್ರಾನೇ ಇರಲಿ."

ಈಗ ಆ ಡಬ್ಬ ನನ್ನ ಕಪಾಟಿನ ಮೇಲಿದೆ. ಬೂಟು ಅಜ್ಜನ ಜೊತೆಗೇ ಹೋಯಿತು, ಅವನ ಹಿಂದೆಯೇ ಎರಡು ವರ್ಷಕ್ಕೆ ಅಜ್ಜಿಯೂ ಹೋದಳು. ಗಾಡಿ ಮಾತ್ರ ಇನ್ನೂ ಓಡುತ್ತದೆ. ಅದನ್ನು ಮಾರುವ ಮನಸ್ಸು ನನಗೆ ಯಾವತ್ತೂ ಬಂದಿಲ್ಲ. ಆದರೂ ಪೆಟ್ರೋಲು ಹಾಕಿಸುವ ಕಡೆ ಯಾರಾದರೂ ಹುಡುಗರು ಹತ್ತಿರ ಬಂದು, ಟ್ಯಾಂಕಿನ ಸವೆದ ತಗಡಿನ ಮೇಲೆ ಕೈ ಆಡಿಸಿ, "ಮೇಡಂ, ಕೊಡ್ತೀರಾ ಗಾಡಿ?" ಅಂತ ಕೇಳಿದರೆ ನಾನು ಇಲ್ಲ ಅನ್ನುವುದಿಲ್ಲ. ಮುಂದೆ ಅವರು ಏನು ಕೇಳುತ್ತಾರೆ ಅಂತ ನನಗೆ ಗೊತ್ತು. ಅದಕ್ಕೇ ಕಾಯುತ್ತೇನೆ.

"ಎಷ್ಟನೇ ಓನರ್ ನೀವು?"

"ಎರಡನೇದು."

"ಮೊದಲನೇ ಓನರ್ ಯಾರು?"

"ನಮ್ಮಜ್ಜಿ."

ಅವರ ಹುಬ್ಬು ಮೇಲೇರುತ್ತದೆ. "ಅಜ್ಜಿನಾ! ಅವರೇ ಓಡಿಸ್ತಿದ್ರಾ?"

"ಇಲ್ಲಪ್ಪ," ಅನ್ನುತ್ತೇನೆ ನಾನು. "ಅವಳಿಗೆ ಡ್ರೈವರ್ ಇದ್ದ."